ಗೆರೆಯಂಚಿನ ಪೀಟರ್ ಜಾಕ್ಸನ್

1958ರ ಫೆಬ್ರವರಿ 1, ಲಂಡನ್ನಿನ ಟ್ವಿಕನಮ್ ರಗ್ಬಿ ಮೈದಾನ. ಇಂಗ್ಲೆಂಡ್ 6, ಆಸ್ಟ್ರೇಲಿಯಾ 6. ಪೂರ್ತಿ ಸಮಯ ಮುಗಿದು, ಗಾಯಗಳಿಗೆ ಹೋದ ನಿಮಿಷಗಳನ್ನ ಆಡಿಸ್ತಿದ್ದಾರೆ. ಇಂಗ್ಲೆಂಡಿನ ಫ್ಲೈ-ಹಾಫ್ (ತಂಡದ ಆಟ ನಡೆಸೋ ಆಟಗಾರ) ಹೊರಾಕ್ಸ್-ಟೇಲರ್ ಪೆಟ್ಟಾಗಿ ಹೊರಗೆ ಹೋಗಿದ್ದಾರೆ. ಆಗ ಬದಲಿ ಆಟಗಾರನನ್ನ ಇಳಿಸೋ ಹಾಗಿರಲಿಲ್ಲ, ಉಳಿದ 14 ಜನರೇ ಆಡಬೇಕು. ಚೆಂಡು ವಿಂಗ್‌ನಲ್ಲಿದ್ದ, ಅಂದ್ರೆ ಮೈದಾನದ ಅಂಚಿನಲ್ಲಿದ್ದ ಇಂಗ್ಲೆಂಡಿನ ಪೀಟರ್ ಜಾಕ್ಸನ್ ಕೈಗೆ ಬರುತ್ತೆ. ಅಡ್ಡ ಬಂದವರನ್ನ ದಾಟಿ, ಗೆರೆ ಪಕ್ಕದಲ್ಲೇ ಓಡಿ, ಮೂಲೆಯಲ್ಲಿ ಹಾರಿ, ಚೆಂಡನ್ನ ಎದುರಾಳಿಯ ಗೋಲ್ ಗೆರೆಯಾಚೆ ನೆಲಕ್ಕೂರಿ ಟ್ರೈ! 9-6.

ಈಗ ಟ್ರೈಗೆ 5 ಅಂಕ, ಆಗ 3. ಪೆನಾಲ್ಟಿ ಒದೆತಕ್ಕೂ 3. ಮೈದಾನದ ಯಾವ ಜಾಗದಿಂದ ಬೇಕಾದ್ರೂ ಚೆಂಡನ್ನ ನೇರವಾಗಿ ಪಕ್ಕದ ಗೆರೆಯಾಚೆ ಒದ್ದು ಮುಂದೆ ಸಾಗಬಹುದಿತ್ತು. ಹಾಗಾಗಿ ಪಾಸ್‌ಗಿಂತ ಒದೆತವೇ ಜಾಸ್ತಿ. ವಿಂಗ್‌ನವರಿಗೆ ಲೈನ್‌ಔಟ್‌ನಲ್ಲಿ (ಪಕ್ಕದ ಗೆರೆ ದಾಟಿದ ಚೆಂಡನ್ನ ಎರಡೂ ತಂಡದ ಸಾಲುಗಳ ನಡುವೆ ಎಸೆದು ಆಟ ಮುಂದುವರಿಸೋದು) ಚೆಂಡು ಎಸೆಯೋದೇ ಎಷ್ಟೋ ಸಲ ಮುಖ್ಯ ಕೆಲಸ. ಇಂಗ್ಲೆಂಡ್ ಪರ 20 ಪಂದ್ಯ, 6 ಟ್ರೈ ಅನ್ನೋ ಲೆಕ್ಕವನ್ನ ಇದನ್ನೆಲ್ಲ ಮನಸ್ಸಲ್ಲಿಟ್ಟುಕೊಂಡೇ ಓದಬೇಕು.

ಜಾಕ್ಸನ್ ಬರೀ ವೇಗದ ಆಟಗಾರ ಅಲ್ಲ. ಅವರ ವಿದ್ಯೆ ಇದ್ದದ್ದು ವೇಗ ತಗ್ಗಿಸೋದ್ರಲ್ಲಿ. ಓಡ್ತಾ ಓಡ್ತಾ ನಿಂತೇ ಬಿಟ್ರು ಅನ್ನಿಸ್ಬೇಕು, ಎದುರಿನವನೂ ಕಾಲೂರಿ ನಿಲ್ಲಬೇಕು. ಅವನ ಭಾರ ಒಂದು ಕಾಲಿಗೆ ಬಿದ್ದ ಕ್ಷಣದಲ್ಲೇ ಇನ್ನೊಂದು ಕಡೆಗೆ ಜಾರಬೇಕು. ಚೆಂಡು ಎರಡೂ ಕೈಯಲ್ಲಿದ್ರೆ, ಪಾಸ್ ಕೊಡ್ತಾರಾ ಓಡ್ತಾರಾ ಅಂತ ಅವನಿಗೆ ತಿಳಿಯಲ್ಲ. ಬೇಗ ತಿರುಗಿದ್ರೆ ಅವನಿಗೆ ಸರಿಹೋಗೋಕೆ ಸಮಯ ಸಿಗುತ್ತೆ, ತಡವಾದ್ರೆ ಸೊಂಟಕ್ಕೆ ಕೈ ಬೀಳುತ್ತೆ. ಹೊರಗಡೆ ತಿರುಗಿದಾಗ ಕಾಲು ಗೆರೆ ಮುಟ್ಟಿದ್ರಂತೂ ಎಲ್ಲ ವ್ಯರ್ಥ.

1930ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ ಅವರು ಕವೆಂಟ್ರಿ ಕ್ಲಬ್‌ಗೆ, ವಾರ್ವಿಕ್‌ಷೈರ್ ಕೌಂಟಿಗೆ ಆಡಿದ್ರು. 1956ರಲ್ಲಿ ಇಂಗ್ಲೆಂಡ್ ತಂಡಕ್ಕೆ ಬಂದ್ರು. ಮರುವರ್ಷವೇ ಎರಿಕ್ ಇವಾನ್ಸ್ ನಾಯಕತ್ವದಲ್ಲಿ ಗ್ರ್ಯಾಂಡ್ ಸ್ಲ್ಯಾಮ್ (ಐದು ದೇಶಗಳ ವಾರ್ಷಿಕ ಟೂರ್ನಿಯಲ್ಲಿ ಎಲ್ಲ ಪಂದ್ಯ ಗೆಲ್ಲೋದು), 1928ರ ನಂತರ ಮೊದಲನೇದು. ಆ ವರ್ಷ ಫ್ರಾನ್ಸ್ ವಿರುದ್ಧ ಇಂಗ್ಲೆಂಡ್ ಹಾಕಿದ 3 ಟ್ರೈಗಳಲ್ಲಿ 2 ಜಾಕ್ಸನ್ ಅವರದು.

1959ರಲ್ಲಿ ಬ್ರಿಟನ್-ಐರ್ಲೆಂಡ್‌ನ ಆಯ್ದ ಆಟಗಾರರ ತಂಡವಾದ ಲಯನ್ಸ್ ಜೊತೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಪ್ರವಾಸ ಹೋಗಿ 5 ಟೆಸ್ಟ್ ಆಡಿದ್ರು. ಆ ಕಾಲದ ಅಂಕಪದ್ಧತಿ ಎಷ್ಟು ಕಠಿಣ ಅಂತ ಡ್ಯುನೆಡಿನ್ ಟೆಸ್ಟ್ ತೋರಿಸುತ್ತೆ: ಲಯನ್ಸ್ 4 ಟ್ರೈ ಹಾಕಿ, ಒದೆತಗಳಿಂದ 5 ಅಂಕ ಸೇರಿಸಿ 17, ನ್ಯೂಜಿಲೆಂಡ್ ಒಂದೂ ಟ್ರೈ ಇಲ್ಲದೆ ಡಾನ್ ಕ್ಲಾರ್ಕ್ ಒದ್ದ 6 ಪೆನಾಲ್ಟಿಗಳಿಂದ 18! ಈಗಿನ ಲೆಕ್ಕದಲ್ಲಾದ್ರೆ ಲಯನ್ಸ್‌ಗೆ 25. ಎಷ್ಟು ಸಲ ಕೂಡಿದ್ರೂ ಹೊಟ್ಟೆ ಉರಿಯುತ್ತೆ. ಆಕ್ಲೆಂಡ್‌ನ ಕೊನೇ ಟೆಸ್ಟ್‌ನಲ್ಲಿ ಮಾತ್ರ ಟ್ರೈಗಳೇ ಗೆದ್ದವು: ಲಯನ್ಸ್ 9, ನ್ಯೂಜಿಲೆಂಡ್ 6. ಮೂರು ಟ್ರೈಗಳಲ್ಲಿ ಒಂದು ಜಾಕ್ಸನ್ ಅವರದು.