ಬಾಸ್ಟನ್ ಬೀದಿಗೆ ಬಂದ ಗುಲಾಮಗಿರಿ

ಎಲ್ಲರಿಗೂ ನಮಸ್ಕಾರ.

1861ರಿಂದ 1865ರವರೆಗೆ ಉತ್ತರದ ರಾಜ್ಯಗಳಿಗೂ ಗುಲಾಮಗಿರಿ ಇದ್ದ ದಕ್ಷಿಣದ ರಾಜ್ಯಗಳಿಗೂ ನಡೆದ ಅಮೆರಿಕದ ಅಂತರ್ಯುದ್ಧದ ಮಾತು ಬಂದಾಗಲೆಲ್ಲ ಒಬ್ಬರಾದರೂ ಹೇಳುತ್ತಾರೆ, ಅದು ಗುಲಾಮಗಿರಿಗಾಗಿ ನಡೆದದ್ದಲ್ಲ, ರಾಜ್ಯಗಳ ಹಕ್ಕಿಗಾಗಿ, ಅಂದರೆ ಕೇಂದ್ರ ತಲೆಹಾಕದೆ ರಾಜ್ಯಗಳೇ ತಮ್ಮ ವಿಷಯ ತೀರ್ಮಾನಿಸುವ ಹಕ್ಕಿಗಾಗಿ ನಡೆದದ್ದು ಅಂತ. ನಾನು ಇದನ್ನು ಒಪ್ಪುವುದಿಲ್ಲ. ಯಾಕೆ ಅಂತ ಹೇಳಲು 1850ರ ಒಂದೇ ಒಂದು ಕಾಯ್ದೆ ಸಾಕು.

ಮೆಕ್ಸಿಕೊ ಜೊತೆ ಯುದ್ಧ ಮಾಡಿ ಅಮೆರಿಕ ಹೊಸ ನೆಲ ಗೆದ್ದಿತ್ತು. ಆ ನೆಲದಲ್ಲಿ ಗುಲಾಮಗಿರಿ ಇರಬೇಕೋ ಬೇಡವೋ ಅಂತ ಜಗಳ. ಕೊನೆಗೆ ಕ್ಯಾಲಿಫೋರ್ನಿಯಾ ಗುಲಾಮರಿಲ್ಲದ ರಾಜ್ಯವಾಗಿ ಸೇರಿತು. ಅದಕ್ಕೆ ಬದಲಾಗಿ ದಕ್ಷಿಣದವರು ಪಡೆದದ್ದರಲ್ಲಿ ಮುಖ್ಯವಾದದ್ದು ಪರಾರಿಯಾದ ಗುಲಾಮರನ್ನು ಹಿಡಿಯುವ ಕಠಿಣ ಕಾಯ್ದೆ.

ಆ ಕಾಯ್ದೆ ಹೇಗಿತ್ತು ನೋಡಿ. ಸಿಕ್ಕಿಬಿದ್ದವನು ತನ್ನ ಪರವಾಗಿ ತಾನೇ ಸಾಕ್ಷಿ ಹೇಳುವಂತಿಲ್ಲ. ಜ್ಯೂರಿ ಇಲ್ಲ. ತೀರ್ಪು ಕೊಡುವ ಕಮಿಷನರ್ ಅವನನ್ನು ಯಜಮಾನನಿಗೆ ಒಪ್ಪಿಸಿದರೆ ಹತ್ತು ಡಾಲರ್ ಫೀಸು, ಬಿಟ್ಟುಬಿಟ್ಟರೆ ಐದು. ಕಾಗದಪತ್ರದ ಕೆಲಸ ಜಾಸ್ತಿ ಇರುತ್ತದೆ ಅನ್ನುವುದು ಅದಕ್ಕೆ ಕೊಟ್ಟ ಸಮಜಾಯಿಷಿ! ಅಡಗಿಸಿಟ್ಟವರಿಗೆ ಸಾವಿರ ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು. ದಾರಿಹೋಕರನ್ನೂ ಹಿಡಿಯಲು ಬಾ ಅಂತ ಕರೆಯಬಹುದಿತ್ತು.

ಆಂಥೊನಿ ಬರ್ನ್ಸ್ ವರ್ಜೀನಿಯಾದ ರಿಚ್ಮಂಡ್‌ನಿಂದ ಹಡಗಿನಲ್ಲಿ ಅಡಗಿಕೊಂಡು ಉತ್ತರದ ಬಾಸ್ಟನ್ ನಗರಕ್ಕೆ ಓಡಿಬಂದ ಗುಲಾಮ ಹುಡುಗ. ವಯಸ್ಸು ಇಪ್ಪತ್ತರ ಆಸುಪಾಸು. ಬಟ್ಟೆ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಇನ್ನೂ ಗುಲಾಮನಾಗಿಯೇ ಇದ್ದ ತನ್ನ ಸಹೋದರನಿಗೆ ಒಂದು ಕಾಗದ ಬರೆದ, ಅದು ಯಜಮಾನನ ಕೈಸೇರಿತು. 1854ರ ಮೇ 24ರ ಸಂಜೆ ಕಳ್ಳತನದ ಸುಳ್ಳು ನೆಪ ಹೇಳಿ ಅವನನ್ನು ಬೀದಿಯಲ್ಲೇ ಹಿಡಿದರು. ಎರಡು ದಿನ ಕಳೆದು ಬಿಳಿಯರೂ ಕರಿಯರೂ ಸೇರಿ ಬಿಡಿಸಿಕೊಂಡು ಬರಲು ಕೋರ್ಟಿಗೆ ನುಗ್ಗಿದರು, ಕಾವಲಿನವನೊಬ್ಬ ಸತ್ತ, ಬರ್ನ್ಸ್ ಮಾತ್ರ ಸಿಗಲಿಲ್ಲ. ಜೂನ್ 2ರಂದು ಸೈನಿಕರ ನಡುವೆ ಅವನನ್ನು ಬಂದರಿಗೆ ನಡೆಸಿಕೊಂಡು ಹೋದರು. ಅಂಗಡಿ, ಕಟ್ಟಡಗಳಿಗೆ ಜನ ಕಪ್ಪು ಬಟ್ಟೆ ಕಟ್ಟಿದ್ದರು. ಬೀದಿಗೆ ಅಡ್ಡಲಾಗಿ ಒಂದು ಶವಪೆಟ್ಟಿಗೆ ನೇತುಹಾಕಿ ಅದರ ಮೇಲೆ 'ಸ್ವಾತಂತ್ರ್ಯ' ಅಂತ ಬರೆದಿದ್ದರು. ಮರುವರ್ಷ ಬಾಸ್ಟನ್ನಿನ ಕರಿಯರ ಚರ್ಚಿನ ಪಾದ್ರಿ ಲಿಯೊನಾರ್ಡ್ ಗ್ರೈಮ್ಸ್ ಮುಂದೆ ನಿಂತು ಹಣ ಕೂಡಿಸಿ, 1,300 ಡಾಲರ್ ಕೊಟ್ಟು ಅವನನ್ನು ಬಿಡಿಸಿಕೊಂಡರು.

ಅಲ್ಲಿಯವರೆಗೆ ಗುಲಾಮಗಿರಿ ದಕ್ಷಿಣದವರ ಪಾಡು, ನಮಗ್ಯಾಕೆ ಅಂತ ಸುಮ್ನೆ ಇದ್ದವರು ಉತ್ತರದಲ್ಲಿ ಬೇಕಾದಷ್ಟು ಜನ. ಏಮಸ್ ಲಾರೆನ್ಸ್ ಅನ್ನುವ ಶ್ರೀಮಂತರನ್ನೇ ತಗೊಳ್ಳಿ. ಜವಳಿ ಗಿರಣಿಗಳ ಮನೆತನ, ಅಂದರೆ ದಕ್ಷಿಣದ ಗುಲಾಮರು ಬಿಡಿಸಿದ ಹತ್ತಿಯ ಮೇಲೆ ನಿಂತ ದುಡ್ಡು. ರಾಜಿ ಬಯಸುವವರಾಗಿ ಮಲಗಿದೆವು, ಎದ್ದಾಗ ಗುಲಾಮಗಿರಿಯ ಕಡುವಿರೋಧಿಗಳಾಗಿದ್ದೆವು ಅಂತ ಬರ್ನ್ಸ್ ಪ್ರಕರಣದ ಬಗ್ಗೆ ಅವರೇ ಬರೆದರು. ಅದೇ ವಾರ, ಮೇ 30ರಂದು, ಅಧ್ಯಕ್ಷ ಪಿಯರ್ಸ್ ಕ್ಯಾನ್ಸಸ್-ನೆಬ್ರಾಸ್ಕಾ ಕಾಯ್ದೆಗೆ ಸಹಿ ಹಾಕಿದ್ದರು. ಕ್ಯಾನ್ಸಸ್, ನೆಬ್ರಾಸ್ಕಾ ಅನ್ನುವ ಪಶ್ಚಿಮದ ಹೊಸ ಪ್ರದೇಶಗಳಲ್ಲಿ ಗುಲಾಮಗಿರಿ ಬೇಕೋ ಬೇಡವೋ ಅಲ್ಲಿ ನೆಲೆಸಿದವರೇ ತೀರ್ಮಾನಿಸಲಿ ಅನ್ನುವ ಕಾಯ್ದೆ ಅದು. ಲಾರೆನ್ಸ್ ದುಡ್ಡು ಹಾಕಿ ಗುಲಾಮಗಿರಿ ಬೇಡ ಅನ್ನುವ ಜನರನ್ನು ಕ್ಯಾನ್ಸಸ್‌ಗೆ ಕಳಿಸಿದರು. ಅವರ ಹೆಸರಿನ ಊರೇ ಎದ್ದಿತು, 1856ರಲ್ಲಿ ಗುಲಾಮಗಿರಿ ಪರದವರು ಅದನ್ನು ಲೂಟಿ ಮಾಡಿದರು. ಯುದ್ಧಕ್ಕೆ ಐದು ವರ್ಷ ಮೊದಲೇ ಅಲ್ಲಿ ರಕ್ತ ಹರಿದಿತ್ತು.

ಈಗ ರಾಜ್ಯಗಳ ಹಕ್ಕಿನ ವಿಷಯ. ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್ ರಾಜ್ಯ 1855ರಲ್ಲಿ ತನ್ನದೇ ಕಾನೂನು ಮಾಡಿ ಈ ಹಿಡಿಯುವ ಕೆಲಸಕ್ಕೆ ಅಡ್ಡ ಹಾಕಿತು. ಉತ್ತರದ ಇನ್ನೊಂದು ರಾಜ್ಯ ವಿಸ್ಕಾನ್ಸಿನ್ನಿನ ಸುಪ್ರೀಂ ಕೋರ್ಟು ಆ ಕೇಂದ್ರ ಕಾಯ್ದೆ ಸಂವಿಧಾನಕ್ಕೇ ವಿರುದ್ಧ ಅಂದುಬಿಟ್ಟಿತು. ರಾಜ್ಯದ ಹಕ್ಕು ಅಂತ ಎದ್ದು ನಿಂತವರು ಇಲ್ಲಿ ಉತ್ತರದವರು, ಅಲ್ವಾ? ಕೇಂದ್ರ ಸರ್ಕಾರ ಸೈನ್ಯ ಕಳಿಸಲಿ ಅಂದವರು ದಕ್ಷಿಣದವರು.

ಗುಲಾಮಗಿರಿ ಹೊಸ ಪ್ರದೇಶಗಳಿಗೆ ಹರಡಬಾರದು ಅನ್ನುತ್ತಿದ್ದ ಲಿಂಕನ್ 1860ರಲ್ಲಿ ಅಧ್ಯಕ್ಷ ಚುನಾವಣೆ ಗೆದ್ದರು. ಡಿಸೆಂಬರ್ 20ರಂದು ದಕ್ಷಿಣ ಕೆರೊಲಿನಾ ಒಕ್ಕೂಟ ಬಿಟ್ಟಿತು, ಯಾಕೆ ಬಿಟ್ಟೆವು ಅಂತ ಘೋಷಣೆಯನ್ನೂ ಹೊರಡಿಸಿತು. ದಯವಿಟ್ಟು ಅದನ್ನು ಓದಿ. ಓಡಿಹೋದ ಗುಲಾಮರನ್ನು ವಾಪಸು ಕೊಡದ ರಾಜ್ಯಗಳ ಹೆಸರನ್ನು ಸಾಲಾಗಿ ಬರೆದಿದ್ದಾರೆ. ಗುಲಾಮರನ್ನು ಕರೆದುಕೊಂಡು ನ್ಯೂಯಾರ್ಕನ್ನು ಹಾದು ಹೋಗಲೂ ಅಲ್ಲಿನ ಕೋರ್ಟು ಬಿಡಲಿಲ್ಲ ಅನ್ನುವ ದೂರೂ ಅದರಲ್ಲಿದೆ.

ಯಾರಿಗಾದರೂ ಏನಾದರೂ ಕೇಳುವುದಿದ್ದರೆ ಕೇಳಿ.