ಪುಸ್ತಕ ಮುಚ್ಚಿ, ಆಮೇಲೆ ಹರಟೆ ಹೊಡೀರಿ

ನಮಸ್ಕಾರ. ತೊಡೆ ಮೇಲೆ ಪುಸ್ತಕ, ಕೈಲಿ ಫೋನು, ಕಿವಿ ಮಾತ್ರ ಈ ಕಡೆ ಇಟ್ಕೊಂಡು ಕೂತಿರ್ತೀರಲ್ಲ, ನಿಮಗೆ ಇನ್ನೊಂದು ನಮಸ್ಕಾರ, ಯಾಕಂದ್ರೆ ಇವತ್ತಿನ ಮಾತು ನಿಮಗೇನೇ. ಅಪ್ಪ ಅಮ್ಮಂದಿರು ಕೇಳ್ತಿದ್ರೆ ಕೇಳಿ, ಬೇಡ ಅನ್ನಲ್ಲ, ಆದ್ರೆ ಮಧ್ಯದಲ್ಲಿ ‘ನೋಡು, ನಾನೂ ಅದನ್ನೇ ಬಡ್ಕೊಳ್ತಿದ್ದೆ’ ಅಂತ ಶುರು ಮಾಡ್ಬೇಡಿ, ಮಕ್ಕಳು ರೇಡಿಯೋ ಆಫ್ ಮಾಡಿ ಎದ್ದು ಹೋಗ್ತಾರೆ.

ಪರೀಕ್ಷೆ ದಿನ ಹಾಲ್ ಬಾಗಿಲು ತೆಗೆಯೋಕೆ ಹತ್ತು ನಿಮಿಷ ಇರುತ್ತಲ್ಲ, ಆವಾಗ ವರಾಂಡದಲ್ಲಿ ನಿಂತು ಏನ್ ಮಾತಾಡ್ಕೊಳ್ತೀರ? ನಾನೇ ಹೇಳ್ತೀನಿ. ‘ಎಷ್ಟ್ ಸಲ ರಿವಿಜನ್ ಆಯ್ತೋ?’ ‘ಏನೂ ಓದಿಲ್ಲ ಮಾರಾಯ, ರಾತ್ರಿ ನಿದ್ದೆ ಬಂದ್ಬಿಡ್ತು.’ ಇದು ಸುಳ್ಳು ಅಂತ ಹೇಳ್ದೋನಿಗೂ ಗೊತ್ತು ಕೇಳ್ದೋನಿಗೂ ಗೊತ್ತು. ಇನ್ನೊಬ್ಬ ಬಂದು ‘ನಂದು ಮೂರ್ ರೌಂಡ್ ಆಯ್ತಪ್ಪ’ ಅಂತಾನೆ, ಅಷ್ಟೇ, ಅಲ್ಲಿದ್ದೋರ ಹೊಟ್ಟೆಯೆಲ್ಲಾ ತಣ್ಣಗಾಗುತ್ತೆ. ಎಷ್ಟು ಚಾಪ್ಟರ್ ಆಯ್ತು, ಎಷ್ಟ್ ಗಂಟೆಗೆ ಎದ್ದೆ, ಎಷ್ಟ್ ಸಲ ಓದ್ದೆ, ಬರೀ ಇದೇ ಮಾತು. ನಾನು ಇಪ್ಪತ್ತಾರು ವರ್ಷ ವಿಜ್ಞಾನ ಪಾಠ ಮಾಡ್ದೋನು, ಈ ಹರಟೆ ಸಾವಿರ ಸಲ ಕೇಳಿದೀನಿ. ಆದ್ರೆ ‘ಎಷ್ಟ್ ಸಲ ಪುಸ್ತಕ ಮುಚ್ಚಿ ಹೇಳ್ಕೊಂಡೆ?’ ಅಂತ ಒಬ್ಬ ಇನ್ನೊಬ್ಬನ್ನ ಕೇಳಿದ್ದು ಕೇಳೇ ಇಲ್ಲ. ಒಂದೇ ಒಂದು ಕಡೆ ಬಿಟ್ಟು. ಅದನ್ನ ಹೇಳ್ತೀನಿ ತಡೀರಿ.

ಮೊದಲು ವಿಷಯ ಹೇಳ್ಬಿಡ್ತೀನಿ, ಯಾಕಂದ್ರೆ ನನಗೆ ಮಾತು ಎಲ್ಲೆಲ್ಲಿಗೋ ಹೋಗೋ ಚಟ ಇದೆ. ವಿಷಯ ಒಂದೇ: ಪುಸ್ತಕ ಮುಚ್ಚಿ. ಓದೋದು ಅಂದ್ರೆ ಕಣ್ಣಲ್ಲಿ ಒಳಗೆ ಹಾಕೋ ಕೆಲಸ ಅಂತ ನಾವೆಲ್ಲ ಅಂದ್ಕೊಂಡಿದೀವಿ, ಪರೀಕ್ಷೆ ಕೇಳೋದು ಒಳಗಿಂದ ಹೊರಗೆ ತೆಗೆಯೋ ಕೆಲಸ. ತೆಗೆಯೋದನ್ನ ಒಂದ್ ದಿನನೂ ಪ್ರಾಕ್ಟೀಸ್ ಮಾಡ್ದೆ ಸೀದಾ ಹಾಲ್‌ಗೆ ಹೋಗಿ ಕೂತ್ರೆ ತಲೆ ಖಾಲಿ ಆಗುತ್ತೆ, ಇನ್ನೇನಾಗ್ಬೇಕು? ಈಜು ಹೊಡೆಯೋದನ್ನ ದಡದಲ್ಲಿ ಕೂತು ಹತ್ತು ಸಲ ನೋಡ್ಕೊಂಡು ನೀರಿಗೆ ಹಾರ್ದಂಗೆ.

ಈಗ ಆ ಕತೆ. ನನ್ನ ಕ್ಲಾಸಲ್ಲಿ ಒಂದು ಹುಡುಗಿ ಇದ್ಲು, ಹೆಸರು ಬೇಡ, ತುಂಬಾ ಸಿನ್ಸಿಯರ್. ಅವಳ ಪುಸ್ತಕ ತೆಗೆದ್ರೆ ಕಾಮನಬಿಲ್ಲು. ಹಳದಿ ಹೈಲೈಟರ್ ವ್ಯಾಖ್ಯೆಗಳಿಗೆ, ಪಿಂಕ್ ವ್ಯತ್ಯಾಸಗಳಿಗೆ, ಹಸಿರು ಇಂಪಾರ್ಟೆಂಟ್‌ಗೆ, ಅದರ ಮೇಲೆ ಕೆಂಪು ಪೆನ್ನಲ್ಲಿ ಗೆರೆ, ಅದು ವೆರಿ ವೆರಿ ಇಂಪಾರ್ಟೆಂಟಂತೆ. ಕೊನೆಗೆ ನೋಡಿದ್ರೆ ಬಣ್ಣ ಇಲ್ದಿರೋ ಸಾಲೇ ಇಲ್ಲ. ಯೂನಿಟ್ ಟೆಸ್ಟ್‌ನಲ್ಲಿ ಹೃದಯದ ಪಾಠದಿಂದ ಐದು ಮಾರ್ಕ್ಸ್ ಪ್ರಶ್ನೆ, ಚಿತ್ರ ಬರೆದು ರಕ್ತ ಹರಿಯೋ ದಾರಿ ತೋರಿಸ್ಬೇಕು. ಅವಳಿಗೆ ಬಂದಿದ್ದು ಒಂದು. ಪೇಪರ್ ಹಿಡ್ಕೊಂಡು ಸ್ಟಾಫ್ ರೂಮಿಗೆ ಬಂದ್ಲು, ಕಣ್ಣಲ್ಲಿ ನೀರು, ‘ಸಾರ್, ನಾನು ಆರು ಸಲ ಓದಿದ್ದೆ ಸಾರ್, ಆ ಚಿತ್ರ ಎಡಗಡೆ ಪುಟದಲ್ಲಿ ಕೆಳಗಿದೆ, ಪಕ್ಕದಲ್ಲಿ ಬಾಕ್ಸ್ ಇದೆ, ಬಾಕ್ಸಲ್ಲಿ ಮೂರು ಪಾಯಿಂಟ್ ಇದೆ, ಎಲ್ಲಾ ಕಣ್ಮುಂದೆ ಬರುತ್ತೆ ಸಾರ್, ಆದ್ರೆ ಆ ಮೂರು ಪಾಯಿಂಟಲ್ಲಿ ಏನಿತ್ತು ಅನ್ನೋದು ಬರಲ್ಲ.’

ಇಷ್ಟು ಕರೆಕ್ಟಾಗಿ ಕಾಯಿಲೆ ಹೇಳ್ಕೊಂಡಿದ್ದನ್ನ ನಾನು ಇನ್ನೊಂದ್ ಸಲ ಕೇಳಿಲ್ಲ. ಪುಟ ಪರಿಚಯ ಆಗಿದೆ, ಪಾಠ ಆಗಿಲ್ಲ. ದಿನಾ ಎದುರಿಗೆ ಸಿಗೋ ಮುಖ, ಹೆಸರು ಕೇಳಿದ್ರೆ ಗೊತ್ತಿಲ್ಲ, ಹಂಗೆ. ಆದ್ರೆ ಅವತ್ತು ನಾನೇನ್ ಹೇಳ್ದೆ ಗೊತ್ತಾ? ದೊಡ್ಡದಾಗಿ, ‘ಇನ್ನೂ ನಾಲ್ಕ್ ಸಲ ಓದು ಪುಟ್ಟಾ, ಬರುತ್ತೆ’ ಅಂದೆ. ಮೇಷ್ಟ್ರು ನಾನು. ಇದನ್ನ ನಿಮ್ಮೆದುರಿಗೆ ಒಪ್ಕೊಳ್ಳೋಕೆ ನಾಚಿಕೆ ಆಗುತ್ತೆ, ಆದ್ರೂ ಹೇಳ್ತಿದೀನಿ.

ಅದೇ ಕ್ಲಾಸಲ್ಲಿ ಇನ್ನಿಬ್ರು ಹುಡುಗೀರು, ಬಾಯಿಗೆ ಬಿಡುವೇ ಇಲ್ಲ. ಬೆಲ್ ಹೊಡೆದು ಹತ್ತು ನಿಮಿಷ ಆದ್ರೂ ಮೆಟ್ಟಿಲ ಮೇಲೆ ಕೂತು ಕಚಪಚ ಕಚಪಚ, ಆಮೇಲೆ ಜೋರಾಗಿ ನಗು. ಒಂದ್ ಸಂಜೆ ನನಗೆ ರೇಗಿಹೋಯ್ತು. ಟೆಸ್ಟ್ ಎರಡು ದಿನ ಇದೆ, ಇವರ ಹರಟೆ ನೋಡು ಅಂತ ಹೋಗಿ ಚೆನ್ನಾಗಿ ಬೈದೆ, ಮಾರನೇ ದಿನ ಕ್ಲಾಸಲ್ಲಿ ಬೇರೆ ಬೇರೆ ಬೆಂಚಲ್ಲಿ ಕೂರಿಸ್ದೆ. ಇಬ್ರೂ ತುಟಿ ಎರಡು ಮಾಡ್ಲಿಲ್ಲ. ಟೆಸ್ಟ್ ಪೇಪರ್ ತಿದ್ದುವಾಗ ನೋಡ್ತೀನಿ, ಆ ಹೃದಯದ ಪ್ರಶ್ನೆಗೆ ಇಬ್ಬರಿಗೂ ಐದಕ್ಕೆ ಐದು. ನನಗೆ ಮೊದಲು ಬಂದ ಯೋಚನೆ ಏನು? ಕಾಪಿ! ಆದ್ರೆ ನಾನೇ ತಾನೆ ಬೇರೆ ಬೇರೆ ಕೂರಿಸಿದ್ದು.

ಕರೆದು ಕೇಳ್ದೆ. ಒಬ್ಳು ಹೆದರ್ಕೊಂಡು ಹೇಳಿದ್ಲು, ‘ಅದು ಬ್ಯಾಗ್ ಆಟ ಸಾರ್.’ ಏನದು ಬ್ಯಾಗ್ ಆಟ? ಮೆಟ್ಟಿಲ ಮೇಲೆ ಕೂತು ಪುಸ್ತಕ ಬ್ಯಾಗ್ ಒಳಗೆ ಹಾಕಿ ಜಿಪ್ ಎಳೀಬೇಕು. ಒಬ್ಳು ಪ್ರಶ್ನೆ ಕೇಳ್ಬೇಕು, ಇನ್ನೊಬ್ಳು ಹೇಳ್ಬೇಕು. ಹೇಳ್ಲಿಲ್ಲ ಅಂದ್ರೆ ಗೇಟ್‌ವರೆಗೂ ಇಬ್ಬರ ಬ್ಯಾಗೂ ಅವಳೇ ಹೊರ್ಬೇಕು. ಕೇಳೋ ಪ್ರಶ್ನೆನೂ ಎಂಥವು ಅಂತೀರ! ಹೃತ್ಕರ್ಣ ಅಂದ್ರೆ ಹೃದಯದ ಮೇಲಿನ ಕೋಣೆ, ಹೃತ್ಕುಕ್ಷಿ ಅಂದ್ರೆ ಕೆಳಗಿನ ಕೋಣೆ, ಗೊತ್ತಲ್ಲ. ‘ನೀನು ರಕ್ತ, ಬಲ ಹೃತ್ಕರ್ಣದಲ್ಲಿ ಇದೀಯ, ಮನೆಗೆ ಹೋಗೋ ದಾರಿ ಹೇಳು.’ ಅವಳು ಹೇಳ್ಬೇಕು, ಬಲ ಹೃತ್ಕರ್ಣದಿಂದ ಕೆಳಗೆ ಬಲ ಹೃತ್ಕುಕ್ಷಿಗೆ, ಅಲ್ಲಿಂದ ಶ್ವಾಸಕೋಶಕ್ಕೆ, ಆಕ್ಸಿಜನ್ ತುಂಬಿಸ್ಕೊಂಡು ಎಡ ಹೃತ್ಕರ್ಣಕ್ಕೆ, ಎಡ ಹೃತ್ಕುಕ್ಷಿಗೆ, ಮಹಾಪಧಮನಿ ಹಿಡಿದು ಮೈಯೆಲ್ಲಾ. ಅಷ್ಟಕ್ಕೇ ಬಿಡಲ್ಲ. ‘ಅಪಧಮನಿ ಅಂದ್ರೆ ಆಕ್ಸಿಜನ್ ಇರೋ ರಕ್ತನೇ ಹೋಗೋದು ಅಲ್ವಾ?’ ಅಂತ ಗಾಳ ಹಾಕೋದು. ಹೌದು ಅಂದ್ರೆ ಸಿಕ್ಕಿಬಿದ್ಲು, ಎರಡು ಬ್ಯಾಗ್, ಯಾಕಂದ್ರೆ ಅಪಧಮನಿ ಅಂದ್ರೆ ಹೃದಯದಿಂದ ರಕ್ತ ಹೊರಗೆ ಒಯ್ಯೋ ನಾಳ ಅಷ್ಟೇ, ಶ್ವಾಸಕೋಶಕ್ಕೆ ಹೋಗೋ ಪುಪ್ಪುಸಕ ಅಪಧಮನಿಯಲ್ಲಿ ಇರೋದು ಆಕ್ಸಿಜನ್ ಕಮ್ಮಿ ಇರೋ ರಕ್ತ. ಆ ಜೋರು ನಗು ಬರ್ತಿದ್ದದ್ದು ಇದಕ್ಕೆ. ನಾನು ಬೈದಿದ್ದು ಇದಕ್ಕೆ.

ಆ ಕಾಮನಬಿಲ್ಲು ಹುಡುಗಿನ ಇವರ ಜೊತೆ ಮೆಟ್ಟಿಲಿಗೆ ಕಳಿಸ್ದೆ. ಮೊದಲ ವಾರ ದಿನಾ ಮೂರು ಬ್ಯಾಗ್ ಅವಳದೇ. ಬೆನ್ನ ಮೇಲೊಂದು, ಎದೆ ಮೇಲೊಂದು, ಕೈಲೊಂದು, ಗೇಟ್ ಕಡೆ ಹೋಗೋದನ್ನ ಸ್ಟಾಫ್ ರೂಮ್ ಕಿಟಕಿಯಿಂದ ನೋಡ್ತಿದ್ದೆ. ‘ಬೇಜಾರಾಗುತ್ತೆ ಸಾರ್, ಪುಸ್ತಕ ಓದುವಾಗ ಎಲ್ಲಾ ಬರುತ್ತೆ, ಇಲ್ಲಿ ಬಂದ್ರೆ ಏನೂ ಬರಲ್ಲ’ ಅಂದ್ಲು. ನಾನಂದೆ, ಪುಸ್ತಕ ಹಿಡ್ಕೊಂಡಾಗ ಬರ್ತಿರೋದು ಪುಸ್ತಕಕ್ಕೆ ಪುಟ್ಟಾ, ನಿನಗಲ್ಲ. ಮುಂದಿನ ಟೆಸ್ಟಲ್ಲಿ ಅವಳೇನೂ ಫಸ್ಟ್ ಬರ್ಲಿಲ್ಲ, ಸಿನಿಮಾ ಅಲ್ಲ ಇದು. ಐದಕ್ಕೆ ಮೂರೂವರೆ. ಒಂದು ಬಾಣದ ಗುರುತು ಉಲ್ಟಾ ಹಾಕಿದ್ಲು. ಆದ್ರೆ ಪೇಪರ್ ಕೊಡೋಕೆ ಮುಂಚೆನೇ ಬಂದು ‘ಸಾರ್ ಒಂದು ಬಾಣ ತಪ್ಪು ಹಾಕಿದೀನಿ’ ಅಂದ್ಲಲ್ಲ, ನನಗೆ ಆ ಮಾತು ಐದು ಮಾರ್ಕ್ಸಿಗಿಂತ ಜಾಸ್ತಿ ಅನ್ನಿಸ್ತು.

ಗಾಜಿನ ಆಚೆಯಿಂದ ನನಗೆ ಕೈ ತೋರಿಸ್ತಿದಾರೆ, ಅರ್ಧಕ್ಕಿಂತ ಜಾಸ್ತಿ ಟೈಮ್ ಆಯ್ತಂತೆ. ನೋಡಿ, ನಾನು ಹೇಳಿರ್ಲಿಲ್ವಾ. ಸರಿ, ಬೇಗ ಬೇಗ.

ಇದು ಒಬ್ಬ ಮೇಷ್ಟ್ರ ಕತೆ ಅಂತ ತಳ್ಳಿಹಾಕ್ಬೇಡಿ. 1885ರಲ್ಲೇ ಜರ್ಮನಿಯ ಎಬ್ಬಿಂಗ್‌ಹಾಸ್ ಅನ್ನೋರು ಅರ್ಥ ಇಲ್ಲದ ಪದಗಳನ್ನ ತಾವೇ ಉರು ಹೊಡೆದು, ಎಷ್ಟು ಹೊತ್ತಿಗೆ ಎಷ್ಟು ಮರೀತೀವಿ ಅಂತ ತಮ್ಮ ಮೇಲೇ ಪ್ರಯೋಗ ಮಾಡಿದ್ರು. ಮರೆವಿನ ದೊಡ್ಡ ಪಾಲು ಮೊದಲ ದಿನಾನೇ ಆಗೋಗುತ್ತೆ, ಆಮೇಲೆ ನಿಧಾನ. ಅಂದ್ರೆ ಇವತ್ತು ಓದಿದ್ದು ನಾಳೆಗೆ ಹಾರಿಹೋದ್ರೆ ನೀವು ದಡ್ಡರಲ್ಲ, ಎಲ್ಲರ ತಲೆನೂ ಹಂಗೇ. 1917ರಲ್ಲಿ ಅಮೆರಿಕದ ಆರ್ಥರ್ ಗೇಟ್ಸ್ ಶಾಲೆ ಮಕ್ಕಳ ಮೇಲೇ ನೋಡಿದ್ರು, ಬರೀ ಓದ್ತಾ ಕೂತೋರಿಗಿಂತ, ಅರ್ಧಕ್ಕಿಂತ ಹೆಚ್ಚು ಟೈಮ್ ಪುಸ್ತಕ ನೋಡ್ದೆ ಹೇಳ್ಕೊಂಡ ಮಕ್ಕಳಿಗೆ ಜಾಸ್ತಿ ನೆನಪಿತ್ತು. ನೂರು ವರ್ಷದ ಮೇಲಾಯ್ತು ಸ್ವಾಮಿ, ಇನ್ನೂ ನಾವು ‘ಹತ್ತು ಸಲ ಓದು’ ಅಂತಿದೀವಿ.

ನನಗೆ ತುಂಬಾ ಇಷ್ಟ ಆಗೋದು 2006ರದ್ದು. ರೋಡಿಗರ್ ಮತ್ತು ಕಾರ್ಪಿಕಿ ಅಂತ ಇಬ್ರು ಅಮೆರಿಕದಲ್ಲಿ ಕಾಲೇಜ್ ಹುಡುಗರಿಗೆ ಚಿಕ್ಕ ಚಿಕ್ಕ ಪಾಠ ಕೊಟ್ರು, ಸೂರ್ಯನ ಬಗ್ಗೆ ಒಂದು, ಕಡಲ ನೀರುನಾಯಿ ಬಗ್ಗೆ ಒಂದು. ಒಂದು ಗುಂಪು ನಾಲ್ಕು ರೌಂಡೂ ಓದಿದ್ದೇ ಓದಿದ್ದು. ಇನ್ನೊಂದು ಗುಂಪು ಒಂದೇ ರೌಂಡ್ ಓದಿ, ಮಿಕ್ಕ ಮೂರು ರೌಂಡ್ ಖಾಲಿ ಹಾಳೆ ಮೇಲೆ ನೆನಪಿದ್ದಷ್ಟು ಬರೀತು. ಐದು ನಿಮಿಷ ಬಿಟ್ಟು ಕೇಳಿದಾಗ ಓದ್ದೋರೇ ಮುಂದೆ, ಶೇಕಡ 83, ಬರೆದೋರಿಗೆ 71. ಇಲ್ಲೇ ಎಲ್ಲರೂ ಮೋಸ ಹೋಗೋದು! ಒಂದು ವಾರ ಬಿಟ್ಟು ಕೇಳಿದ್ರು. ಓದ್ದೋರು 40ಕ್ಕೆ ಬಿದ್ದಿದ್ರು, ಬರೆದೋರು 61ರಲ್ಲಿ ನಿಂತಿದ್ರು. ತಮಾಷೆ ಏನು ಅಂದ್ರೆ, ವಾರ ಆದ್ಮೇಲೆ ನಿಮಗೆ ಎಷ್ಟು ನೆನಪಿರುತ್ತೆ ಅಂತ ಮೊದಲೇ ಕೇಳಿದಾಗ ಜಾಸ್ತಿ ಧೈರ್ಯದಿಂದ ಇದ್ದೋರು ಆ ಓದಿದ್ದೇ ಓದಿದ ಗುಂಪಿನೋರು. ವರಾಂಡದಲ್ಲಿ ‘ನಂದು ಮೂರ್ ರೌಂಡ್ ಆಯ್ತಪ್ಪ’ ಅಂತ ಹೇಳ್ತಿದ್ನಲ್ಲ, ಅವನು ಇವನೇ.

ಅದಕ್ಕೇ ಮತ್ತೆ ಹೇಳ್ತೀನಿ, ಪುಸ್ತಕ ಮುಚ್ಚಿ. ಒಂದು ಪುಟ ಓದಿ, ಮುಚ್ಚಿ, ಗೋಡೆ ನೋಡ್ಕೊಂಡು ಹೇಳಿ. ಬರ್ಲಿಲ್ವಾ? ಕೂಡ್ಲೇ ತೆಗೀಬೇಡಿ, ಸ್ವಲ್ಪ ಒದ್ದಾಡಿ, ಆಮೇಲೆ ತೆಗೆದು ನೋಡಿ. ಆ ಒದ್ದಾಟ ಇದೆಯಲ್ಲ, ಕಲಿಯೋದು ಅಲ್ಲೇ. ಹಾಯಾಗಿ ಓದ್ಕೊಂಡು ಹೋಗ್ತಿದೀನಿ ಅನ್ನಿಸ್ತಾ ಇದ್ರೆ ಅನುಮಾನ ಪಡಿ.

ಹೋಮ್‌ವರ್ಕ್ ಬಗ್ಗೆನೂ ಮಾತಾಡಿ ಅಂದಿದ್ರು, ಎರಡು ಮಾತು ಹೇಳಿ ಮುಗಿಸ್ತೀನಿ. ಬೆಳಿಗ್ಗೆ ಕ್ಲಾಸಿಗೆ ಮುಂಚೆ ‘ಕೊಡೋ ನಿನ್ ನೋಟ್ಸು’ ಅಂತ ಫ್ರೆಂಡ್ ಪುಸ್ತಕ ನೋಡಿ ಗೀಚ್ತೀರಲ್ಲ, ಅದು ಮೇಷ್ಟ್ರಿಗೆ ಗೊತ್ತಾಗಲ್ಲ ಅಂದ್ಕೊಂಡಿದೀರ, ಗೊತ್ತಾಗುತ್ತೆ, ಅವನ ಸ್ಪೆಲಿಂಗ್ ತಪ್ಪೂ ನಿಮ್ಮಲ್ಲಿ ಬಂದಿರುತ್ತೆ. ಆದ್ರೆ ಗೈಡ್ ತೆರೆದಿಟ್ಟು ನೀಟಾಗಿ ಇಳಿಸ್ಕೊಂಡು ಬರೋ ಹುಡುಗನೂ ಅದೇ ಕೆಲಸ ಮಾಡ್ತಿರೋದು, ಅಕ್ಷರ ದುಂಡಗಿರುತ್ತೆ ಅಷ್ಟೇ. ಮೊದಲು ಪುಸ್ತಕ ಮುಚ್ಚಿ ಪೆನ್ಸಿಲಲ್ಲಿ ನಿಮಗೆ ಬಂದಷ್ಟು ಬರೀರಿ, ಆಮೇಲೆ ತೆರೆದು ತಿದ್ಕೊಳ್ಳಿ. ತಪ್ಪಾಗಿದ್ರೆ ಆಗ್ಲಿ ಬಿಡಿ. ಟೀಚರ್‌ಗಳು ಯಾರಾದ್ರೂ ಕೇಳ್ತಿದ್ರೆ ದಯವಿಟ್ಟು ಆ ಪೆನ್ಸಿಲ್ ತಪ್ಪಿಗೆ ಮಾರ್ಕ್ಸ್ ಕಟ್ ಮಾಡ್ಬೇಡಿ.

ಇನ್ನೊಂದು, ಮುಚ್ಚಿ ಹೇಳ್ಕೊಂಡಿದ್ದನ್ನ ಒಂದೇ ದಿನ ಹತ್ತು ಸಲ ಹೇಳ್ಕೊಳ್ಬೇಡಿ. ನಾಳೆ ಒಂದ್ ಸಲ, ಮೂರ್ ದಿನ ಬಿಟ್ಟು ಒಂದ್ ಸಲ, ವಾರ ಬಿಟ್ಟು ಒಂದ್ ಸಲ. 1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಅನ್ನೋರು ಇದಕ್ಕೇ ಒಂದು ಡಬ್ಬ ಮಾಡಿ ತೋರಿಸಿದ್ರು, ಚೀಟಿ ಮೇಲೆ ಪ್ರಶ್ನೆ, ಹಿಂದೆ ಉತ್ತರ, ಬಂದಿದ್ದನ್ನ ಮುಂದಿನ ಖಾನೆಗೆ ತಳ್ಳಿ ಅಪರೂಪಕ್ಕೆ ನೋಡೋದು, ಬರದಿದ್ದನ್ನ ಮೊದಲ ಖಾನೆಯಲ್ಲೇ ಇಟ್ಟು ಮತ್ತೆ ಮತ್ತೆ ನೋಡೋದು. ಹಳೇ ಶೂ ಡಬ್ಬ ಸಾಕು. ನಿದ್ದೆಗೆಟ್ಟು ಓದೋದರ ಬಗ್ಗೆ ಹೇಳೋಕೆ ಒಂದು ಪುಟ ಬರ್ಕೊಂಡು ಬಂದಿದ್ದೆ, ಟೈಮಿಲ್ಲ, ಮಲಗಿ ಅಷ್ಟೇ.

ಈಗ ಎರಡು ಬೆರಳು ತೋರಿಸ್ತಿದಾರೆ. ಎರಡು ನಿಮಿಷನೋ ಎರಡು ಸೆಕೆಂಡೋ ಗೊತ್ತಾಗ್ತಿಲ್ಲ.

ಫ್ರೆಂಡ್ಸ್ ಜೊತೆ ಹರಟೆ ಬಿಡಿ ಅಂತ ನಾನು ಹೇಳಲ್ಲ. ಹರಟೆ ಹೊಡೀರಿ, ಗ್ರೂಪಲ್ಲಿ ಮೆಸೇಜೂ ಹಾಕಿ. ಆದ್ರೆ ರಾತ್ರಿ ಹತ್ತಕ್ಕೆ ‘ಎಷ್ಟ್ ಆಯ್ತು ನಿಂದು?’ ಅಂತ ಕೇಳಿ ಒಬ್ಬರಿಗೊಬ್ಬರು ಹೊಟ್ಟೆ ಉರಿಸ್ಕೊಳ್ಳೋ ಬದ್ಲು ಒಂದು ಪ್ರಶ್ನೆ ಹಾಕಿ, ಪುಸ್ತಕ ನೋಡ್ದೆ ವಾಯ್ಸ್ ಮೆಸೇಜಲ್ಲಿ ಉತ್ತರ ಕೊಡ್ಬೇಕು ಅಂತ ರೂಲ್ ಮಾಡ್ಕೊಳ್ಳಿ. ತಪ್ಪಿದೋರು ಬ್ಯಾಗ್ ಹೊರ್ಲಿ.

ನಾನೂ ಒಂದು ಹಾಕ್ತೀನಿ, ನೋಟ್ಸ್ ಅಂತೂ ನೀವು ಮಾಡ್ಕೊಂಡಿರಲ್ಲ. ಬಲ ಹೃತ್ಕುಕ್ಷಿಯಿಂದ ಹೊರಟ ರಕ್ತ ಎಲ್ಲಿಗೆ ಹೋಯ್ತು? ಅದನ್ನ ಕರ್ಕೊಂಡು ಹೋದ ನಾಳದ ಹೆಸರೇನು? ಈಗ್ತಾನೇ ಹೇಳಿದೀನಿ, ಮತ್ತೆ ಹೇಳಲ್ಲ. ನಮಸ್ಕಾರ.