ಅಪ್ಪನ ಪದವಿ ಬೇಡ ಎಂದ ಮಗ

ಎಲ್ಲರಿಗೂ ನಮಸ್ಕಾರ.

1961ರ ಮೇ ತಿಂಗಳು. ಲಂಡನ್ನಿನ ಕಾಮನ್ಸ್ ಸಭೆಯ, ಅಂದರೆ ಜನ ಆರಿಸಿದವರು ಕೂರುವ ಬ್ರಿಟಿಷ್ ಪಾರ್ಲಿಮೆಂಟಿನ ಕೆಳಮನೆಯ, ಬಾಗಿಲಿಗೆ ಲೇಬರ್ ಪಕ್ಷದ 36 ವರ್ಷದ ಟೋನಿ ಬೆನ್ ಬರುತ್ತಾರೆ. ನಾಲ್ಕು ದಿನದ ಹಿಂದಷ್ಟೇ ಬ್ರಿಸ್ಟಲ್ ಆಗ್ನೇಯ ಕ್ಷೇತ್ರದ ಉಪಚುನಾವಣೆ ಗೆದ್ದಿದ್ದಾರೆ. ಎದುರಾಳಿಗೆ ಬಿದ್ದ ಮತಗಳ ಎರಡು ಪಟ್ಟಿಗಿಂತ ಜಾಸ್ತಿ ಮತ ಸಿಕ್ಕಿದೆ. ಆದರೂ ಬಾಗಿಲು ಕಾಯುವವರು ಒಳಗೆ ಬಿಡುವುದಿಲ್ಲ!

ಕಾರಣ, ಅಪ್ಪ ತೀರಿಕೊಂಡಿದ್ದರು, ಅಷ್ಟೇ.

ಅಪ್ಪ ವಿಲಿಯಂ ವೆಜ್‌ವುಡ್ ಬೆನ್. 1929ರಿಂದ 1931ರವರೆಗೆ ಬ್ರಿಟಿಷ್ ಸರ್ಕಾರದಲ್ಲಿ ಭಾರತದ ವ್ಯವಹಾರ ನೋಡಿಕೊಂಡ ಮಂತ್ರಿ. ದುಂಡುಮೇಜಿನ ಪರಿಷತ್ತಿಗೆ ಗಾಂಧೀಜಿ ಲಂಡನ್ನಿಗೆ ಹೋದಾಗ ಆರು ವರ್ಷದ ಟೋನಿ ಅವರನ್ನು ನೋಡಿದ್ದರು. ಈ ನೆನಪನ್ನು ಕೊನೆಯವರೆಗೂ ಹೇಳಿಕೊಳ್ಳುತ್ತಿದ್ದರು. 1942ರಲ್ಲಿ ಅಪ್ಪನಿಗೆ ವೈಕೌಂಟ್ ಸ್ಟಾನ್ಸ್‌ಗೇಟ್ ಎಂಬ, ಅಪ್ಪನಿಂದ ಮಗನಿಗೆ ಇಳಿದು ಬರುವ ಲಾರ್ಡ್ ಪದವಿ ಬಂತು. ಅದು ಅಣ್ಣ ಮೈಕಲ್‌ಗೆ ಹೋಗಬೇಕಿತ್ತು. 1944ರಲ್ಲಿ ಯುದ್ಧದ ನಡುವೆ ಆತ ವಿಮಾನ ಅಪಘಾತದಲ್ಲಿ ತೀರಿಕೊಂಡ. 1960ರ ನವೆಂಬರಿನಲ್ಲಿ ಅಪ್ಪನೂ ಹೋದಾಗ, ಬೇಡವೆಂದರೂ ಟೋನಿ ಲಾರ್ಡ್ ಆಗಿಬಿಟ್ಟರು. ಆಗ ಲಾರ್ಡ್ ಆದವರು ಕಾಮನ್ಸ್‌ನಲ್ಲಿ ಕೂರುವಂತಿರಲಿಲ್ಲ. ಹತ್ತು ವರ್ಷ ಪ್ರತಿನಿಧಿಸಿದ ಜನರನ್ನು ಬಿಟ್ಟು, ಯಾರೂ ಆರಿಸದ ಲಾರ್ಡ್ಸ್ ಸಭೆಯಲ್ಲಿ ಹೋಗಿ ಕೂರಬೇಕಿತ್ತು. ಎಂಥ ಅನ್ಯಾಯ ಅಲ್ವಾ?

ಅವರು ಸುಮ್ನೆ ಕೂರಲಿಲ್ಲ. ಕೋರ್ಟು ಸೋತವರಿಗೇ ಸೀಟು ಕೊಟ್ಟಿತು. ಬೆನ್ ಹೋರಾಟ ಬಿಡಲಿಲ್ಲ. ಕೊನೆಗೆ 1963ರ ಜುಲೈ 31ರ ಸಂಜೆ ಆರು ಗಂಟೆಯ ಹೊತ್ತಿಗೆ ಹೊಸ ಕಾಯ್ದೆ ಜಾರಿಯಾಯಿತು. ಇನ್ನು ಪದವಿ ಬೇಡವೆಂದವರು ಬಿಟ್ಟುಕೊಡಬಹುದಿತ್ತು. 6 ಗಂಟೆ 22 ನಿಮಿಷಕ್ಕೆ ಬೆನ್ ತಮ್ಮ ಪದವಿ ಬಿಟ್ಟುಕೊಟ್ಟರು. ಅವರೇ ಮೊದಲಿಗರು. ಆ ಇಪ್ಪತ್ತೆರಡು ನಿಮಿಷ ನನಗೆ ಬಹಳ ಇಷ್ಟ. ಒಂದು ರಾತ್ರಿ ಕೂಡ ಕಾಯಲಿಲ್ಲ ನೋಡಿ! ಆಗಸ್ಟಿನಲ್ಲಿ ಮತ್ತೆ ಗೆದ್ದು ಬಂದರು. ಅದೇ ಕಾಯ್ದೆ ಹಿಡಿದು ಅಕ್ಟೋಬರಿನಲ್ಲಿ ಕನ್ಸರ್ವೇಟಿವ್ ಪಕ್ಷದ ಲಾರ್ಡ್ ಹೋಮ್ ತಮ್ಮ ಪದವಿ ಬಿಟ್ಟರು, ಪ್ರಧಾನಿಯಾಗಿ ಉಳಿದರು. ಬೆನ್ ತೆರೆದ ಬಾಗಿಲಲ್ಲಿ ಎದುರು ಪಕ್ಷದವರೂ ನಡೆದರು.

ಆಮೇಲೆ ಬೆನ್ ಮಂತ್ರಿಯಾದರು. 1981ರಲ್ಲಿ ಲೇಬರ್ ಪಕ್ಷದ ಉಪನಾಯಕ ಸ್ಥಾನ ಶೇಕಡಾ ಒಂದಕ್ಕೂ ಕಡಿಮೆ ಅಂತರದಲ್ಲಿ ತಪ್ಪಿತು. ಅವರ ಎಲ್ಲ ನಿಲುವುಗಳನ್ನೂ ನಾನು ಒಪ್ಪುವುದಿಲ್ಲ. ಆದರೆ ಅಧಿಕಾರದಲ್ಲಿರುವವರನ್ನು ಅವರು ಕೇಳಿ ಎನ್ನುತ್ತಿದ್ದ ಪ್ರಶ್ನೆಗಳು ನನ್ನ ಮನಸ್ಸಿನಿಂದ ಹೋಗಿಲ್ಲ. ನಿಮ್ಮ ಕೈಯಲ್ಲಿ ಏನು ಅಧಿಕಾರ ಇದೆ? ಅದು ಎಲ್ಲಿಂದ ಬಂತು? ಯಾರಿಗೋಸ್ಕರ ಬಳಸುತ್ತೀರಿ? ಯಾರಿಗೆ ಲೆಕ್ಕ ಕೊಡುತ್ತೀರಿ? ನಿಮ್ಮನ್ನು ಇಳಿಸುವುದು ಹೇಗೆ?

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. ಪಾರ್ಲಿಮೆಂಟಿನ ನೆಲಮಾಳಿಗೆಯ ಪ್ರಾರ್ಥನಾ ಮಂದಿರದ ಹಿಂದೆ ಪೊರಕೆ ಇಡುವ ಪುಟ್ಟ ಕೋಣೆಯಿದೆ. 1911ರ ಜನಗಣತಿಯ ರಾತ್ರಿ, ಹೆಂಗಸರ ಮತದ ಹಕ್ಕಿಗಾಗಿ ಹೋರಾಡುತ್ತಿದ್ದ ಎಮಿಲಿ ಡೇವಿಸನ್ ಅಲ್ಲಿ ಅಡಗಿದ್ದರು. ಹೆಂಗಸರಿಗೆ ಮತ ಇಲ್ಲದ ಕಾಲ. ಗಣತಿಯಲ್ಲಾದರೂ ತನ್ನ ವಿಳಾಸ ಕಾಮನ್ಸ್ ಸಭೆ ಎಂದೇ ದಾಖಲಾಗಲಿ ಎಂಬ ಹಟ. ಎಂಬತ್ತು ವರ್ಷದ ನಂತರ ಬೆನ್ ಆಕೆಯ ನೆನಪಿಗೆ ಒಂದು ಫಲಕ ಮಾಡಿಸಿದರು. ಆ ಕೋಣೆಯ ಬಾಗಿಲಿನ ಹಿಂಬದಿಗೆ ತಾವೇ ಸ್ಕ್ರೂ ತಿರುಗಿಸಿ ಕೂರಿಸಿದರು.